ನಕಾಶೆ ಕರೀಂಸಾಬರ ಗುರುವಾರಗಳು

ಹುಮನಾಬಾದಿನ ಬಸ್ ಸ್ಟ್ಯಾಂಡಿನ ಎದುರಿಗೆ, ಝೆರಾಕ್ಸ್ ಅಂಗಡಿಯ ಮಾಳಿಗೆಯ ಮೇಲೆ, ಹದಿನಾಲ್ಕು ಮೆಟ್ಟಿಲು ಹತ್ತಿದರೆ ಅಬ್ದುಲ್ ಕರೀಂ ಸಾಬರ ಕೋಣೆ. ಜನರ ಬಾಯಲ್ಲಿ ಅವರು ನಕಾಶೆ ಕರೀಂಸಾಬ್. ನಕಾಶೆ ಅಂದರೆ ನಮ್ಮ ಕಡೆ ನಕ್ಷೆ. ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲ್ಲೂಕಿನ ಯಾವುದೇ ಸಾಲೆಯ ಗೋಡೆಯ ಮೇಲೆ ನೆಟ್ಟಗಿರುವ ಭಾರತ ಕಂಡರೆ ಅದು ಅವರು ಬರೆದದ್ದು. ಸೊಟ್ಟಗಿದ್ದರೆ ಬೇರೆಯವರು ಬರೆದದ್ದು. ಇದು ನನ್ನ ಮಾತಲ್ಲ ಮತ್ತೆ, ಅವರದೇ ಮಾತು. ತಮ್ಮ ಕೆಲಸದ ವಿಷಯ ಬಂದರೆ ಕರೀಂಸಾಬರಿಗೆ ಸಂಕೋಚ ಎನ್ನುವುದು ಹತ್ತಿರ ಸುಳಿಯುತ್ತಿರಲಿಲ್ಲ.

ಮನುಷ್ಯ ಮಹಾ ಹಠಮಾರಿ. ಕೊಹಿನೂರಿನ ಸಾಲೆಯಲ್ಲಿ ಜಿಲ್ಲೆಯ ನಕ್ಷೆ ಬರೆಯುವಾಗ ಊರಿನ ದೊಡ್ಡ ಮನುಷ್ಯರೊಬ್ಬರು ಬಂದು, "ನಮ್ಮೂರ ಚುಕ್ಕಿ ಜರಾ ದೊಡ್ಡದ ಮಾಡ್ರಿ ಸಾಬ್ರೆ, ಕಲ್ಯಾಣದ ಬರೋಬರಿ ಕಾಣಬೇಕು" ಅಂದರಂತೆ. ಇವರು ಏಣಿಯಿಂದ ಇಳಿದು, ಬ್ರಷ್ಷು ತೊಳೆದು, ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿಬಿಟ್ಟರು. ಆ ಗೋಡೆಯ ಮೇಲೆ ಅರ್ಧ ಜಿಲ್ಲೆ ಹಾಗೇ ಎರಡು ವರ್ಷ ನಿಂತಿತ್ತು. ಇದ್ದ ಜಾಗದಲ್ಲಿ ಇದ್ದಷ್ಟೇ ಚುಕ್ಕಿ ಇಡಬೇಕು, ಇಲ್ಲವಾದರೆ ಬ್ರಷ್ಷು ಕೆಳಗಿಡಬೇಕು ಎಂದು ಅವರು ಹೇಳುತ್ತಿದ್ದರು. ಹೆಂಡತಿ ಜೈನಬಿ ಇದಕ್ಕೆ ಕಲ್ಯಾಣದ ಮನೆಯಲ್ಲಿ ಕೂತು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಅರವತ್ತರ ಹತ್ತಿರ ಬಂದಾಗ ಮೊಣಕಾಲು ಏಣಿ ಹತ್ತಲು ಒಲ್ಲೆ ಅಂದವು. ಅದೇ ಸುಮಾರಿಗೆ, ಹೆದ್ದಾರಿಯ ಕೆಲಸಕ್ಕೆ ಬಂದಿದ್ದ ಒಬ್ಬ ಇಂಜಿನಿಯರು ಊರು ಬಿಡುವಾಗ ತನ್ನ ಹಳೇ ಕಂಪ್ಯೂಟರನ್ನು ಇವರ ಕೋಣೆಯಲ್ಲಿಟ್ಟು ಹೋದ. ಅದರೊಳಗೆ ಭೂಮಿಯ ನಕ್ಷೆ ಬಿಡಿಸುವ ಒಂದು ಪ್ರೋಗ್ರಾಮಿತ್ತು. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿ ಹಾಳೆಯ ಮೇಲೆ ಹರಡುವುದು ಅದರ ಕೆಲಸ. ಹಾಗೆ ಮಾಡಲು ಹತ್ತಾರು ಬಗೆ. ಒಂದು ಬಗೆಯಲ್ಲಿ ಹರಡಿದರೆ ಉತ್ತರದ ದೇಶಗಳು ಊದಿಕೊಳ್ಳುತ್ತವೆ, ಇನ್ನೊಂದರಲ್ಲಿ ಅಂಚಿನವು ಹಿಂಜಿ ಹೋಗುತ್ತವೆ. ನೀವು ಬೇಕಾದ ಊರನ್ನು ನಡುವೆ ಇಟ್ಟು ಇಡೀ ಜಗತ್ತನ್ನು ಅದರ ಸುತ್ತ ಹರಡಬಹುದು. ಆಗ ಆ ಊರಿನಿಂದ ಮಕ್ಕಾ ಎಷ್ಟು ದೂರ, ಕಾಶಿ ಎಷ್ಟು ದೂರ ಎಂಬುದು ಅಳತೆಪಟ್ಟಿ ಇಟ್ಟು ಹೇಳುವಷ್ಟು ಸರಿಯಾಗಿರುತ್ತದೆ. ಕರೀಂಸಾಬರು ಮೂರು ತಿಂಗಳು ಊಟ ನಿದ್ದೆ ಬಿಟ್ಟು ಅದನ್ನು ಕಲಿತರು.

ಆದರೆ ಅದಕ್ಕೊಂದು ರೋಗವಿತ್ತು. ದೂರದಿಂದ ಜಗತ್ತು ಚೆಂದ ಕಾಣುತ್ತಿತ್ತು, ಹತ್ತಿರ ಹೋದರೆ ಏನೂ ಇಲ್ಲ. ಬೀದರ ಜಿಲ್ಲೆಯನ್ನು ದೊಡ್ಡದು ಮಾಡಿದರೆ ನಾಲ್ಕು ಸೀದಾ ಗೆರೆ, ನಡುವೆ ಬಿಳೀ ಬಯಲು. ಗೆರೆ ದಪ್ಪವಾಯಿತೇ ಹೊರತು ಊರು ಹುಟ್ಟಲಿಲ್ಲ. ಕಡೆಗೆ ಆ ಇಂಜಿನಿಯರೇ ಫೋನಿನಲ್ಲಿ ಬಿಡಿಸಿ ಹೇಳಿದ: ಮೊದಲಿನ ಫೈಲಿನಲ್ಲಿ ನೂರು ಮೈಲಿಗೊಂದು ಗುರುತಿದೆ, ಅದನ್ನು ಎಷ್ಟು ಹಿಗ್ಗಿಸಿದರೂ ಅಷ್ಟೇ; ಹತ್ತಿರದಿಂದ ನೋಡಬೇಕಾದರೆ ಆ ತುಂಡಿನದೇ ಸೂಕ್ಷ್ಮ ಫೈಲು ಬೇರೆ ತಂದು ಹಾಕಬೇಕು, ನಕ್ಷೆಯ ನಡುವನ್ನೂ ಅಲ್ಲಿಗೇ ತಂದು ನಿಲ್ಲಿಸಬೇಕು. ಅಂದಿನಿಂದ ಕರೀಂಸಾಬರು ಫೈಲು ಹುಡುಕುವುದಕ್ಕೆ ಗಂಟು ಬಿದ್ದರು. ಒಂದೊಂದು ಹಳ್ಳಿಗೂ ತಾಸುಗಟ್ಟಲೆ ಕೂತು, ಹೊಲದ ದಾರಿ, ಹಳ್ಳ, ಕೆರೆ ಎಲ್ಲ ಬರುವಂತೆ ಮಾಡಿ, ಕನ್ನಡದಲ್ಲಿ ಹೆಸರು ಕೂರಿಸಿ, ಸಾಲೆಗಳಿಗೆ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡತೊಡಗಿದರು. ನಮ್ಮೂರೂ ಜಗತ್ತಿನ ನಡುವಿದೆ ಎಂದು ಮಕ್ಕಳು ಬೆರಳಿಟ್ಟು ತೋರಿಸುವಾಗ ಅವರ ಗಡ್ಡದೊಳಗೆ ನಗು ಕಾಣುತ್ತಿತ್ತು.

ಇಂಥ ಒಂದು ನಕ್ಷೆ ಮಂಠಾಳದ ಸಾಲೆಯಲ್ಲಿತ್ತು. ಅದರ ಸುದ್ದಿ ಕೇಳಿಯೇ ಧೂಳಮ್ಮ ಬಂದದ್ದು.

ಧೂಳಮ್ಮ ಮಂಠಾಳದ ಕುರಿಗಾರ ಕಲ್ಲಿನಾಥನ ಹೆಂಡತಿ. ಮೂವತ್ತೈದೂ ದಾಟಿರಲಿಲ್ಲ, ಮುಖಕ್ಕೆ ಮಾತ್ರ ಐವತ್ತಾಗಿತ್ತು. ಒಬ್ಬಳೇ ಮಗಳು ಪೂನಂ, ಎಂಟು ವರ್ಷದವಳು, ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಕಳೆದುಹೋಗಿದ್ದಳು. ತಾಯಿ ನಳದ ಹತ್ತಿರ ಬಾಟಲಿಗೆ ನೀರು ಹಿಡಿಯಲು ಹೋಗಿ ತಿರುಗಿ ಬರುವಷ್ಟರಲ್ಲಿ ಗಂಟು ಇತ್ತು, ಮಗಳಿರಲಿಲ್ಲ. ಪೊಲೀಸರಿಗೆ ಹೇಳಿದ್ದಾಯಿತು, ಫೋಟೋ ಅಂಟಿಸಿದ್ದಾಯಿತು, ದರ್ಗಾ ಗುಡಿ ಎಲ್ಲ ಸುತ್ತಿದ್ದಾಯಿತು. ಮೊದಲ ವರ್ಷ ಜೊತೆಗೆ ಅಲೆದ ಕಲ್ಲಿನಾಥ ಆಮೇಲೆ ಕೈಚೆಲ್ಲಿ ಕುರಿ ಹಿಂದೆ ಹೋದ. ಇವಳು ಬಿಡಲಿಲ್ಲ.

ಒಂದು ಗುರುವಾರ ಹದಿನಾಲ್ಕು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು.

"ಸಾಬ್ರೆ, ನಿಮ್ಮ ಕಂಪ್ಯೂಟರದಾಗ ಎಲ್ಲಾ ಊರ ಭೀ ಹತ್ರದಿಂದ ಕಾಣಸ್ತಾವಂತ, ಹೌದೇನ್ರಿ?"

"ಹೌದು ತಂಗಿ. ಯಾ ಊರ ಬೇಕು?"

"ಊರ ಬ್ಯಾಡ್ರಿ. ನನ್ನ ಮಗಳ ಬೇಕು."

ಕರೀಂಸಾಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವಳನ್ನು ಕೂರಿಸಿ, ನೀರು ಕೊಟ್ಟು, ಪೂರ್ತಿ ಕಥೆ ಕೇಳಿದರು. ಆಮೇಲೆ ಮೆಲ್ಲಗೆ ಅಂದರು, "ತಂಗೀ, ಇದು ಕಣ್ಣಲ್ಲ. ಇದಕ್ಕ ಏನೂ ಕಾಣಸಂಗಿಲ್ಲ. ಯಾರೋ ಅಳದು ಬರದಿಟ್ಟ ಗೆರಿ ಅವ. ಆ ಗೆರಿ ತೋರಸ್ತದ, ಅಷ್ಟ."

"ರೋಡ ಕಾಣಸ್ತದ, ಹಳ್ಳ ಕಾಣಸ್ತದ ಅಂತೀರಿ. ಇನ್ನ ಜರಾ ಹತ್ರ ಹೋದ್ರ ರೋಡಿನ ಮ್ಯಾಲಿನ ಮಂದಿ ಯಾಕ ಕಾಣಸಂಗಿಲ್ಲರಿ?"

ಅವಳು ಅಳಲಿಲ್ಲ, ಜಗಳ ಮಾಡಲಿಲ್ಲ, ಎದ್ದು ಹೋಗಲೂ ಇಲ್ಲ. ಮುಂದಿನ ಗುರುವಾರ ಮತ್ತೆ ಬಂದು ಅಲ್ಲೇ ಕೂತಳು. ಅದರ ಮುಂದಿನ ವಾರವೂ ಅಷ್ಟೇ. ನಾಲ್ಕನೇ ವಾರ ಕರೀಂಸಾಬರಿಗೆ ತಡೆಯಲಾಗಲಿಲ್ಲ. ಮಗಳನ್ನು ತೋರಿಸಲಾಗದಿದ್ದರೂ ಹುಡುಕುವ ದಾರಿ ತೋರಿಸಬಹುದಲ್ಲ ಅಂದುಕೊಂಡರು. ಬಸ್ ಸ್ಟ್ಯಾಂಡಿನಿಂದ ಹೊರಡುವ ದಾರಿಗಳನ್ನೆಲ್ಲ ಒಂದು ಹಾಳೆಯಲ್ಲಿ ತೆಗೆದರು: ಜಹೀರಾಬಾದ್ ಕಡೆಯದು, ಕಲಬುರಗಿ ಕಡೆಯದು, ಉಮರ್ಗಾ ದಾಟಿ ಸೊಲ್ಲಾಪುರದ ಕಡೆಯದು. ಆಮೇಲೆ ಒಂದೊಂದು ಊರಿಗೆ ಒಂದೊಂದು ಹಾಳೆ, ಆದಷ್ಟು ಹತ್ತಿರದಿಂದ, ಓಣಿ ಓಣಿ ಕಾಣುವಂತೆ. ಧೂಳಮ್ಮನಿಗೆ ಓದು ಬಾರದು. ಅದಕ್ಕೆ ಅಕ್ಷರದ ಬದಲು ಕೈಯಿಂದ ಚಿತ್ರ ಬರೆದರು: ಸ್ಟ್ಯಾಂಡಿದ್ದಲ್ಲಿ ಪುಟ್ಟ ಬಸ್ಸು, ಠಾಣೆಯಿದ್ದಲ್ಲಿ ಟೋಪಿ, ದರ್ಗಾ ಇದ್ದಲ್ಲಿ ಗುಮ್ಮಟ, ಅನಾಥ ಮಕ್ಕಳ ಮನೆಯಿದ್ದಲ್ಲಿ ಎರಡು ಜಡೆಯ ತಲೆ.

ಹೀಗೆ ಶುರುವಾದದ್ದು ಎರಡು ವರ್ಷ ನಡೆಯಿತು. ಗುರುವಾರ ಹಾಳೆ ಒಯ್ಯುವಳು, ಆ ಊರಿಗೆ ಹೋಗಿ ಬೀದಿ ಬೀದಿ ಕೇಳುವಳು, ಮುಂದಿನ ಗುರುವಾರ ಬಂದು "ಇಲ್ಲರಿ ಅಣ್ಣಾರ" ಅನ್ನುವಳು. ಕರೀಂಸಾಬರು ಕೆಂಪು ಪೆನ್ಸಿಲಿನಿಂದ ಆ ಓಣಿಗಳನ್ನು ತಿದ್ದಿ, ಹಾಳೆಯನ್ನು ಗೋಡೆಗೆ ಹೊಡೆಯುವರು. ಸಾಬ್ರೆ ಹೋಗಿ ಅಣ್ಣಾರ ಆದದ್ದು ಯಾವಾಗಲೋ ಇಬ್ಬರಿಗೂ ನೆನಪಿಲ್ಲ. ಜೈನಬಿಗೆ ಮಾತ್ರ ಇದು ಸರಿ ಕಾಣಲಿಲ್ಲ. ತಾಯಿಯ ಹೊಟ್ಟೆಯಲ್ಲಿ ವಾರವಾರ ಆಸೆ ಹುಟ್ಟಿಸಿ ವಾರವಾರ ಕೊಲ್ಲುವುದು ಪುಣ್ಯದ ಕೆಲಸವಲ್ಲ ಎಂದು ಉರ್ದುವಿನಲ್ಲಿ ಚೆನ್ನಾಗಿ ಬೈದಳು. ಕರೀಂಸಾಬರು ತಲೆ ತಗ್ಗಿಸಿ ರೊಟ್ಟಿ ಮುರಿದರು. ಹಾಳೆ ಕೊಡುವಾಗ "ಸಿಗತಾಳ" ಎಂದು ಒಂದು ದಿನವೂ ತಾನು ಅಂದಿಲ್ಲ ಎಂಬುದೊಂದೇ ಅವರ ಸಮಾಧಾನವಾಗಿತ್ತು. ಗೊತ್ತಿಲ್ಲದ ಜಾಗದಲ್ಲಿ ಚುಕ್ಕಿ ಇಡುವ ಮನುಷ್ಯ ಅವರಲ್ಲ.

ಕಳೆದ ಮಾಘದಲ್ಲಿ ಹುಡಗಿಯ ಸಾಲೆಯಿಂದ ಮಹೇಶಕುಮಾರ ಮಾಸ್ತರರು ನಕ್ಷೆ ಬೇಕೆಂದು ಹೇಳಿದರು. ಹುಡಗಿ ಅನ್ನುವುದು ಹುಮನಾಬಾದಿನ ಮಗ್ಗುಲಿನ ಊರು. ಪುಸ್ತಕದಲ್ಲಿ ಹುಡುಗಿ ಬೇರೆ, ಹುಡಗಿ ಬೇರೆ. ನಮ್ಮ ಮಂದಿಯ ಬಾಯಲ್ಲಿ ಎರಡೂ ಒಂದೇ, ಊರಿಗಾದರೂ ಹುಡುಗಿಗಾದರೂ ಬಂತು, ಹೋತು ಅಂತಲೇ ಅನ್ನುವುದು. ಆ ಊರಿನ ಬಸ್ಸು ಹತ್ತುವ ಹರೆಯದ ಹುಡುಗರನ್ನು ಕಂಡಕ್ಟರುಗಳು ಅದಕ್ಕೇ ಗೋಳು ಹೊಯ್ದುಕೊಳ್ಳುತ್ತಾರೆ.

ಇರಲಿ. ಆ ಊರು ಕಂಪ್ಯೂಟರಿನಲ್ಲಿ ಸಿಗಲೇ ಒಲ್ಲದು. ಹುಮನಾಬಾದ್ ಬರುತ್ತದೆ, ಹೆದ್ದಾರಿ ಬರುತ್ತದೆ, ಹುಡಗಿ ಇರಬೇಕಾದಲ್ಲಿ ಬಿಳೀ ಖಾಲಿ. ಮಾಸ್ತರರು ದಿನಾ ಫೋನಿನಲ್ಲಿ ವಾಯ್ಸ್ ಮೆಸೇಜು ಹಾಕಿ, "ಸಾಬ್ರೆ, ನಮ್ಮ ಹುಡಗಿ ಸಿಕ್ತೇನ್ರಿ?" ಅನ್ನುವರು; ಇವರು, "ಇಲ್ಲರಿ ಸರ್, ಹುಡಕಾಕತ್ತೇನಿ" ಅನ್ನುವರು. ಪಕ್ಕದೂರನ್ನೇ ತೋರಿಸಲಾರದ ನಾನೆಂಥ ನಕಾಶೆದವನು ಎಂದು ಕರೀಂಸಾಬರಿಗೆ ನಾಚಿಕೆಯಾಗಿ ಹೋಗಿತ್ತು.

ಒಂದು ಸೋಮವಾರ ಮುಂಜಾನೆ ಕಲ್ಲಿನಾಥನ ಫೋನಿನಿಂದ ಸುದ್ದಿ ಬಂತು. ಧೂಳಮ್ಮನ ಹತ್ತಿರ ಫೋನಿರಲಿಲ್ಲ, ಹೇಳುವುದೇನಿದ್ದರೂ ಗಂಡನ ಫೋನಿನಲ್ಲೇ. ಈ ಗುರುವಾರ ಕುರಿಗಳ ಉಣ್ಣೆ ಕತ್ತರಿಸುವುದಿದೆ, ಅವಳು ಬರುವುದಿಲ್ಲ ಎಂದು ಅವನು ವಾಯ್ಸ್ ಮೆಸೇಜಿನಲ್ಲಿ ಹೇಳಿ ಕಳಿಸಿದ್ದ. ಕರೀಂಸಾಬರು ಕೇಳಿಸಿಕೊಂಡು ಫೋನು ಕೆಳಗಿಟ್ಟರು. ಹನ್ನೊಂದು ಗಂಟೆಗೆ, ಹೊಸದಾಗಿ ತರಿಸಿದ್ದ ಸೂಕ್ಷ್ಮ ಫೈಲು ಹಾಕಿ, ನಕ್ಷೆಯ ನಡುವನ್ನು ಹುಮನಾಬಾದಿನಿಂದ ಜರಾ ಆಚೆ ಸರಿಸಿದರು ನೋಡಿ, ಬಂದುಬಿಟ್ಟಿತು! ಊರಿನ ದಾರಿ, ಮನೆಗಳ ಗುಂಪು, ಸಾಲೆ, ಎಲ್ಲವೂ. ಮುದುಕ ಕುರ್ಚಿಯಿಂದ ಎದ್ದು ನಿಂತರು. ಕನ್ನಡಕ ಹಣೆಯ ಮೇಲಿತ್ತು. ಫೋನು ಎತ್ತಿ, ಮೆಸೇಜುಗಳ ಸಾಲಿನಲ್ಲಿ ಎಲ್ಲಕ್ಕಿಂತ ಮೇಲಿದ್ದ ಹೆಸರನ್ನು ಒತ್ತಿ, ದಿನದ ಹಾಗೆ ಮಾಸ್ತರರದೇ ಅಂದುಕೊಂಡು, ಸಲಾಮು ನಮಸ್ಕಾರ ಒಂದೂ ಇಲ್ಲದೆ ಕೂಗಿದರು:

"ಹುಡಗಿ ಸಿಕ್ತು! ಖರೇನೇ ಸಿಕ್ತರಿ! ಇಷ್ಟ ದಿನ ಎಲ್ಲಿ ಅಡಗಿ ಕುಂತಿತ್ತೋ ಏನೋ. ಇಲ್ಲೇ, ಹುಮನಾಬಾದ ಬಾಜೂಕೇ ಇತ್ತರಿ, ನನ್ನ ಕಣ್ಣಿಗಿ ಬಿದ್ದಿರಲಿಲ್ಲ! ಈಗ ನನ್ನ ಮುಂದೇ ಅದ, ಭಾಳ ಚಂದ ಕಾಣಸಾಕತ್ತದ. ಲಗೂ ಬಂದು ನೋಡ್ರಿ!"

ಕಳಿಸಿ, ಫೋನನ್ನು ಅಲ್ಲೇ ಚಾರ್ಜಿಗೆ ಹಾಕಿ, ಬಾಗಿಲಿಗೆ ಕೀಲಿ ಜಡಿದು ಹೊರಟರು. ದಾರಿಯಲ್ಲಿ ಚಹಾ ಕುಡಿದು, ಮಸೀದಿಗೆ ಹೋಗಿ ನಮಾಜು ಮುಗಿಸಿ, ಅಲ್ಲಿಂದ ಇನ್ನೊಂದು ಸಾಲೆಗೆ ಹೋಗಿ ಗೋಡೆಯ ಅಳತೆ ತೆಗೆದುಕೊಂಡರು. ಅವತ್ತು ಅವರ ಮನಸ್ಸು ಹಗುರಾಗಿತ್ತು. ದಾರಿಯಲ್ಲಿ ಸಿಕ್ಕವರನ್ನೆಲ್ಲ ತಾವಾಗಿಯೇ ಮಾತಾಡಿಸಿದರು. ತಿರುಗಿ ಬಂದಾಗ ನಾಲ್ಕು ಗಂಟೆ.

ಮೆಟ್ಟಿಲ ತುದಿಯಲ್ಲಿ ಯಾರೋ ಕೂತಿದ್ದರು. ಕರೀಂಸಾಬರಿಗೆ ಗುರುತು ಹತ್ತಲು ಜರಾ ಹೊತ್ತಾಯಿತು. ಎಣ್ಣೆ ಹಚ್ಚಿ ಬಾಚಿದ ತಲೆ, ಅಂಚಿನ ಹಸಿರು ಸೀರೆ, ಕೈತುಂಬ ಬಳೆ. ಧೂಳಮ್ಮ! ಮುಚ್ಚಿದ ಬಾಗಿಲಿಗೆ ಬಾಯಿ ಹಚ್ಚಿ ಅವಳು ಒಳಗೆ ಮಾತಾಡುತ್ತಿದ್ದಳು.

"ಅಂಜಬ್ಯಾಡವ್ವ ಪೂನಂ. ಅಣ್ಣಾರು ಈಗ ಬರತಾರ, ಕೀಲಿ ತಗೀತಾರ. ನಿಮ್ಮಪ್ಪ ಭೀ ಬಂದಾನ. ನಿದ್ದಿ ಹತ್ತೇದೇನ ನನ್ನವ್ವಗ?"

ಹಿಂದೆ ಕಲ್ಲಿನಾಥ ಹೊಸ ರುಮಾಲು ಸುತ್ತಿಕೊಂಡು ನಿಂತಿದ್ದ. ಅವನ ಕೈಯಲ್ಲಿ ಫೋನು. ಒಳಗೆ, ಮುಚ್ಚಿದ ಕೋಣೆಯಲ್ಲಿ, ಕರೀಂಸಾಬರ ಫೋನು ಬಡಿದುಕೊಳ್ಳುತ್ತಿತ್ತು.

ಧೂಳಮ್ಮ ತಿರುಗಿದಳು. ಅವಳು ನಗುತ್ತಿದ್ದಳು. ಎರಡು ವರ್ಷದಲ್ಲಿ ಕರೀಂಸಾಬರು ಅವಳ ಹಲ್ಲು ಕಂಡಿರಲಿಲ್ಲ. ಮುಂದಿನ ಎರಡು ಹಲ್ಲಿನ ನಡುವೆ ಸಂದಿತ್ತು, ನಕ್ಕಾಗ ಅವಳೇ ಸಣ್ಣ ಹುಡುಗಿಯ ಹಾಗೆ ಕಂಡಳು.

"ಅಯ್ಯ ಅಣ್ಣಾರ! ಹುಡಗಿನ್ನ ಒಳಗ ಬಿಟ್ಟು ಕೀಲಿ ಹಾಕ್ಕೊಂಡ ಹೋಗ್ತಾರೇನ್ರಿ? ಒಂದ ತಾಸ ಆತು, ಮಾತಾಡಸಾಕತ್ತೇನಿ, ಹೂಂ ಅನ್ನವಲ್ಲದು. ಸಿಟ್ಟ ಬಂದದೇನೋ ಅದಕ್ಕ." ಮಡಿಲಿನಲ್ಲಿದ್ದ ಚೀಲದಿಂದ ಗುಲಾಬಿ ಬಣ್ಣದ ಫ್ರಾಕು ಹೊರತೆಗೆದು ತೋರಿಸಿದಳು. "ಕಲ್ಯಾಣದಾಗ ಇಳದು ತಗೊಂಡೆ. ಅಂಗಡಿಯವ ವಯಸ್ಸ ಎಷ್ಟ ಅಂದ. ಎಂಟ ಅನ್ನಾಕ ಹೋಗಿದ್ದೆ ನೋಡ್ರಿ, ಇವರು ಹನ್ನೊಂದ ಅಂದ್ರು. ಹೌದಲ್ಲ, ಹನ್ನೊಂದ! ಆಗ್ತದಲ್ಲರಿ ಇದು? ಎತ್ತರ ಆಗ್ಯಾಳೇನು?"

ಕರೀಂಸಾಬರಿಗೆ ಇನ್ನೂ ತಿಳಿದಿರಲಿಲ್ಲ. ಮಗಳು ಸಿಕ್ಕಳೇ, ಯಾರು ಹೇಳಿದರು, ಎಲ್ಲಿದ್ದಾಳೆ, ಇವರು ನನ್ನ ಬಾಗಿಲಿಗೇಕೆ ಬಂದರು? ನಿಜ ಹೇಳಬೇಕೆಂದರೆ ಒಂದು ಗಳಿಗೆ ಅವರಿಗೂ ಖುಷಿಯೇ ಆಯಿತು. "ಪೂನಂ ಸಿಕ್ಕಳಾ?" ಅಂದರು. "ಯಾರಂದ್ರು ತಂಗಿ?"

ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಕಲ್ಲಿನಾಥ ಫೋನಿನ ಮೇಲೆ ಬೆರಳಿಟ್ಟ. ಕರೀಂಸಾಬರ ದನಿ, ತಾವೇ ಎಂದೂ ಕೇಳದಷ್ಟು ಹಿಗ್ಗಿದ ದನಿ, ಮೆಟ್ಟಿಲ ಮೇಲೆಲ್ಲ ತುಂಬಿತು. ಹುಡಗಿ ಸಿಕ್ತು! ಖರೇನೇ ಸಿಕ್ತರಿ!

ಮುಂಜಾನೆ ಒತ್ತಿದ ಹೆಸರು ಯಾರದೆಂದು ಕರೀಂಸಾಬರಿಗೆ ಈಗ ತಿಳಿಯಿತು. ಮುಂದೆ ಬಂದು ಕೀಲಿ ತೆಗೆದರು. ಬಾಗಿಲು ತೆರೆಯುವುದೇ ತಡ, ಧೂಳಮ್ಮ ಅವರನ್ನು ಸರಿಸಿ ಒಳಗೆ ನುಗ್ಗಿದಳು. ಮೇಜಿನ ಕೆಳಗೆ ಬಗ್ಗಿ ನೋಡಿದಳು. ಹಾಳೆಗಳ ಸುರುಳಿ ಇಟ್ಟ ಮೂಲೆಗೆ ಹೋಗಿ ನೋಡಿದಳು. ಗೋಡೆಯ ತುಂಬ ಅವಳೇ ಸುತ್ತಿ ಬಂದ ಊರುಗಳ ಹಾಳೆಗಳು, ಕೆಂಪು ಗೆರೆಗಳು. ಪರದೆಯ ಮೇಲೆ ಮುಂಜಾನೆಯ ನಕ್ಷೆ ಹಾಗೇ ಇತ್ತು.

"ಎಲ್ಲದಾಳರಿ?"

ಎರಡೇ ಎರಡು ಮಾತು ಹೇಳಬೇಕಿತ್ತು. ಅದನ್ನು ಹೇಳುವುದಕ್ಕಿಂತ ಆ ಮಾಳಿಗೆಯಿಂದ ಕೆಳಗೆ ಹಾರುವುದು ಸುಲಭ ಅನ್ನಿಸಿತು ಅವರಿಗೆ. "ತಂಗೀ," ಅಂದರು, "ಹುಡಗಿ ಊರು. ಆ ಊರಿನ ನಕಾಶೆ ಸಿಕ್ಕಿತ್ತು. ಮಾಸ್ತರರಿಗಿ ಕಳಸಬೇಕಂದದ್ದು ನಿಮಗ ಬಂತು. ನಾ ನೋಡಲಿಲ್ಲ. ಚಷ್ಮಾ ಹಾಕ್ಕೊಂಡಿರಲಿಲ್ಲ. ನನ್ನ ನಾಲಗಿ ಸುಡಲಿ ತಂಗಿ."

ಧೂಳಮ್ಮ ಪರದೆಯ ಹತ್ತಿರ ಹೋದಳು. ನಡುವೆ ಇದ್ದ ಚುಕ್ಕಿಯ ಮೇಲೆ ಬೆರಳಿಟ್ಟು, "ಇದರೀ?" ಎಂದು ಕೇಳಿದಳು. ಕರೀಂಸಾಬರು ತಲೆಯಾಡಿಸಿದರು. ಅವಳು ಅಲ್ಲೇ ನೆಲದ ಮೇಲೆ ಕೂತಳು.

ಅತ್ತದ್ದು ಅವಳಲ್ಲ, ಕಲ್ಲಿನಾಥ. ಮಗಳ ಮಾತು ಬಿಟ್ಟು ಎರಡು ವರ್ಷವಾಗಿದ್ದ ಆ ಗಟ್ಟಿ ಮನುಷ್ಯ ಹೊಸ ರುಮಾಲನ್ನು ಬಾಯಿಗೊತ್ತಿಕೊಂಡು ಹೋ ಎಂದು ಅತ್ತ. "ಮಂದಿಗೆಲ್ಲ ಸಕ್ರಿ ಹಂಚಿ ಬಂದೀನಲ್ಲೋ ಯಪ್ಪಾ," ಅಂದ. "ಈಗ ಊರಾಗ ಹ್ಯಾಂಗ ಹೋಗಿ ನಿಂದ್ರಲಿ?" ಕರೀಂಸಾಬರು ಗೋಡೆಗೆ ಒರಗಿ ನಿಂತು ಕೈ ಮುಗಿದರು. ಇಷ್ಟು ವರ್ಷ ಒಂದೂ ಸುಳ್ಳು ಚುಕ್ಕಿ ಇಡದ ತನಗೆ ಇಂಥದ್ದು ಯಾಕಾಯಿತು ಎಂದು ಮನಸ್ಸಿನಲ್ಲೇ ಅಲ್ಲಾನನ್ನು ಕೇಳಿದರು. ಬೈದರೆ ಬೈಸಿಕೊಳ್ಳಲು, ಹೊಡೆದರೆ ಹೊಡೆಸಿಕೊಳ್ಳಲು ತಯಾರಾಗಿ ನಿಂತಿದ್ದರು. ಯಾರೂ ಬೈಯಲಿಲ್ಲ.

ಗಂಡನ ಅಳು ನಿಂತ ಮೇಲೆ ಧೂಳಮ್ಮ ಫ್ರಾಕನ್ನು ಮಡಚಿ ಚೀಲದೊಳಗಿಟ್ಟಳು. ಕಲ್ಲಿನಾಥ ಕಣ್ಣು ಒರೆಸಿಕೊಂಡು ಫೋನು ತೆಗೆದ.

"ಮೊದಲ ಇದನ್ನ ಅಳಸ್ತೀನಿ," ಅಂದ.

"ಹೌದಪ್ಪಾ, ಅಳಸಿಬಿಡು," ಎಂದರು ಕರೀಂಸಾಬರು. "ನನ್ನ ಕಣ್ಣ ಮುಂದೇ ಅಳಸು."

"ಬ್ಯಾಡ್ರಿ." ಧೂಳಮ್ಮ ಎದ್ದು ಗಂಡನ ಕೈಯಿಂದ ಫೋನು ಕಸಿದುಕೊಂಡಳು. "ಇರಲಿ ಅದು."

"ಅದು ಸುಳ್ಳ ತಂಗೀ!"

"ಗೊತ್ತದರಿ ಅಣ್ಣಾರ. ಮಂಠಾಳದಿಂದ ಇಲ್ಲೀತನಾ ನನ್ನ ಮಗಳ ಸಿಕ್ಕಿದ್ಲು. ಬಸ್ಸಿನ್ಯಾಗ ಬಾಜೂಕ ಕುಂತಾಕಿಗಿ ಹೇಳಿದೆ, ಅಂಗಡಿಯವಗ ಹೇಳಿದೆ. ಮೂರ ವರ್ಷದಾಗ ಇವತ್ತ ಒಂದ ದಿನಾ ಹೊಟ್ಟಿ ತುಂಬ ಉಸರ ತಗೊಂಡೆ." ಫೋನನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾ ಅವಳು ಅಂದಳು, "ಒಂದ ವ್ಯಾಳ್ಯಾ ಖರೇನೇ ಸಿಕ್ಕರ ಪೊಲೀಸರು ಹೇಳ್ತಾರ, ಮತ್ಯಾರೋ ಹೇಳ್ತಾರ. ಸಿಗಲೇ ಇಲ್ಲ ಅಂದ್ರ? ನನ್ನ ಹುಡಗಿ ಸಿಕ್ತು ಅಂತ ಇಷ್ಟ ಖುಷೀಲೆ ನನಗ ಇನ್ಯಾರ ಹೇಳ್ತಾರರಿ?"

ಗಂಡಹೆಂಡಿರು ಮೆಟ್ಟಿಲಿಳಿದು, ದಾರಿ ದಾಟಿ, ಕಲ್ಯಾಣದ ಬಸ್ಸಿಗೆ ಹೋಗಿ ನಿಂತರು.